ಮನೆಯವರ ಮಾತೂ ಮನಸ್ಸಿನ ರೋಗವೂ

ಒಂದು ಮನೆಯಲ್ಲಿ ಪ್ರಾಯದ ಮಗನಿಗಾಗಲಿ ಮಗಳಿಗಾಗಲಿ ಬುದ್ಧಿಭ್ರಮಣೆ ಉಂಟಾದಾಗ ಊರವರು ಮೊದಲು ಕೇಳುವ ಪ್ರಶ್ನೆ, ಇದಕ್ಕೆ ಮದ್ದೇನು ಎಂಬದಲ್ಲ. ಇದು ಯಾರ ತಪ್ಪು ಎಂಬದೇ. ತಾಯಿ ಮುದ್ದು ಮಾಡಿ ಕೆಡಿಸಿದಳೆಂದು ಒಬ್ಬರು, ತಂದೆ ಹೊಡೆದು ಹೆದರಿಸಿದನೆಂದು ಇನ್ನೊಬ್ಬರು, ಮದುವೆಯಾಗಿ ಬಂದವಳ ಕಾಲ್ಗುಣವೆಂದು ಮತ್ತೊಬ್ಬರು ಹೇಳುತ್ತಾರೆ. ಮನೆಯವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ರಾತ್ರಿ ಮಲಗಿದ ಮೇಲೆ ಅದೇ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳುತ್ತಾರೆ. ಇದು ನೀತಿಗೆ ಸಂಬಂಧಪಟ್ಟ ಪ್ರಶ್ನೆ ಹೌದು. ಆದರೆ ಅದರೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ರೋಗವು ಎಲ್ಲಿಂದ ಬಂತು ಎಂಬದು ಒಂದು. ಒಮ್ಮೆ ಶಮನವಾದ ರೋಗವು ತಿರಿಗಿ ಬರುವದೇಕೆ ಎಂಬದು ಮತ್ತೊಂದು. ಇವೆರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಲೋಕದಲ್ಲಿ ಅನೇಕ ತಾಯಂದಿರಿಗೆ ಅನ್ಯಾಯವಾಗಿದೆ. ಮತ್ತು ಆ ಅನ್ಯಾಯವು ಓದುಬರಹವಿಲ್ಲದವರಿಂದ ಮಾತ್ರ ಆದದ್ದಲ್ಲ.

ಸ್ಕಿಜೋಫ್ರೀನಿಯಾ ಎಂಬ ಕಠಿಣವಾದ ಮನೋವ್ಯಾಧಿಯುಂಟು. ಅದು ಹೆಚ್ಚಾಗಿ ಯೌವನದಲ್ಲಿ ಆರಂಭವಾಗುತ್ತದೆ. ಯಾರೂ ಮಾತಾಡದಿರುವಾಗ ಧ್ವನಿಗಳು ಕೇಳಿಸುತ್ತವೆ; ನೆರೆಯವರೆಲ್ಲರೂ ತನಗೆ ಕೇಡು ಬಗೆಯುತ್ತಾರೆಂಬ ಸಂಶಯ ಹುಟ್ಟುತ್ತದೆ; ಬರಬರುತ್ತಾ ಕೆಲಸದಲ್ಲಿಯೂ ಮಾತಿನಲ್ಲಿಯೂ ಮನಸ್ಸಿಲ್ಲದೆ ಹೋಗುತ್ತದೆ. 1948ನೇ ಇಸವಿಯಲ್ಲಿ ಅಮೇರಿಕದಲ್ಲಿ ಮನೋವೈದ್ಯೆಯಾಗಿದ್ದ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬವರು, ಈ ರೋಗವನ್ನು ಹುಟ್ಟಿಸುವ ಒಂದು ಬಗೆಯ ತಾಯಿಯಿದ್ದಾಳೆಂಬ ಅರ್ಥದಲ್ಲಿ ಬರೆದರು. 1956ರಲ್ಲಿ ಕಾಲಿಫೋರ್ನಿಯಾದ ಗ್ರೆಗರಿ ಬೇಟ್ಸನ್ ಮತ್ತು ಅವರ ಸಂಗಡಿಗರು, ಬಾಯಿಂದ ಒಂದನ್ನು ಹೇಳಿ ಮುಖದಿಂದ ಇನ್ನೊಂದನ್ನು ತೋರಿಸುವ ಮನೆಯಲ್ಲಿ ಬೆಳೆದ ಮಗುವಿನ ಬುದ್ಧಿಯು ಕವಲೊಡೆಯುತ್ತದೆಂದು ವಾದಿಸಿದರು. ಇವರು ದಡ್ಡರೂ ಅಲ್ಲ, ಕ್ರೂರರೂ ಅಲ್ಲ. ಆದರೆ ಆ ಕಾಲದ ಇಂಥ ವಾದಗಳು ಬಹುಮಟ್ಟಿಗೆ ರೋಗಿಗಳ ಮನೆಗಳನ್ನು ಮಾತ್ರ ನೋಡಿ ಹೊರಟವು. ರೋಗವಿಲ್ಲದ ಮನೆಗಳನ್ನು ಅದೇ ಅಳತೆಯಿಂದ ಅಳೆಯಲಿಲ್ಲ. ಮಗನನ್ನು ಆಸ್ಪತ್ರೆಗೆ ತಂದ ತಾಯಿಯ ಮುಖದಲ್ಲಿ ಕಾಣುವ ಕಳವಳವು ರೋಗಕ್ಕೆ ಕಾರಣವೋ ರೋಗದ ಫಲವೋ ಎಂದು ಕೇಳುವವರು ಕಡಿಮೆಯಾಗಿದ್ದರು. ತಂದೆಯ ಕಡೆಗೆ ಬೆರಳು ಅಷ್ಟು ಬೇಗ ತಿರುಗಲಿಲ್ಲವೆಂಬದನ್ನೂ ವಾಚಕರು ಗಮನಿಸಬೇಕು.

ಈ ವಾದವನ್ನು ಸಡಿಲಿಸಿದ ಸಂಶೋಧನೆಗಳಲ್ಲಿ ಮುಖ್ಯವಾದದ್ದು 1966ರಲ್ಲಿ ಲೆನಾರ್ಡ್ ಹೆಸ್ಟನ್ ಎಂಬವರು ಪ್ರಕಟಿಸಿದ್ದು. ಅಮೇರಿಕದ ಆರೆಗಾನ್ ಸಂಸ್ಥಾನದ ಆಸ್ಪತ್ರೆಗಳಲ್ಲಿ ಈ ರೋಗವಿದ್ದ ಸ್ತ್ರೀಯರು ಹೆತ್ತು, ಹುಟ್ಟಿದ ಮೂರು ದಿನಗಳೊಳಗೆ ತಾಯಿಯಿಂದ ಅಗಲಿಸಲ್ಪಟ್ಟು ಬೇರೆಯವರ ಕೈಯಲ್ಲಿ ಬೆಳೆದ 47 ಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. ಐದು ಮಂದಿಯಲ್ಲಿ ರೋಗವು ಕಂಡಿತು. ಅದೇ ರೀತಿಯಾಗಿ ಬೆಳೆದ, ಆದರೆ ತಾಯಿಗೆ ರೋಗವಿಲ್ಲದಿದ್ದ 50 ಮಂದಿಯಲ್ಲಿ ಒಬ್ಬರಲ್ಲಿಯೂ ಕಾಣಲಿಲ್ಲ. ತಾಯಿಯ ಮಾತನ್ನೇ ಕೇಳದ ಮಕ್ಕಳು ತಾಯಿಯ ಮಾತಿನಿಂದ ಕೆಟ್ಟರೆಂದು ಹೇಳುವದು ಹೇಗೆ? ರಕ್ತದೊಂದಿಗೆ ಬರುವ ಒಂದು ಬಲಹೀನತೆಯುಂಟೆಂಬದು ಇದರಿಂದ ಸ್ಪಷ್ಟವಾಯಿತು. ಆದರೆ ಅಲ್ಲಿಗೆ ಮಾತು ಮುಗಿಯಲಿಲ್ಲ. ಫಿನ್ಲೆಂಡ್ ದೇಶದ ಪೆಕ್ಕಾ ಟಿಯೆನಾರಿಯವರೂ ಅವರ ಸಂಗಡಿಗರೂ ಇಂಥ ದತ್ತುಮಕ್ಕಳನ್ನೇ ಬಹು ಕಾಲ ಹಿಂಬಾಲಿಸಿ 2004ರಲ್ಲಿ ತಿಳಿಸಿದ್ದೇನಂದರೆ, ಆ ಬಲಹೀನತೆಯಿದ್ದ ಮಕ್ಕಳಲ್ಲಿ ಸಮಾಧಾನವುಳ್ಳ ಮನೆಗೆ ಹೋದವರಿಗಿಂತ ಕಲಹವುಳ್ಳ ಮನೆಗೆ ಹೋದವರು ಹೆಚ್ಚಾಗಿ ರೋಗಕ್ಕೆ ಒಳಗಾದರು. ಬಲಹೀನತೆಯಿಲ್ಲದ ಮಕ್ಕಳಿಗೆ ಮನೆಯ ಕಲಹವು ಈ ರೋಗವನ್ನು ತರಲಿಲ್ಲ. ಕೆಂಡವನ್ನು ನಾವು ತಂದವರಲ್ಲದಿದ್ದರೂ ಬೀಸಣಿಗೆಯು ನಮ್ಮ ಕೈಯಲ್ಲಿರಬಹುದು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ನಾವು ಹೇಳಬೇಕೆಂದಿರುವದು ಹೆಚ್ಚಾಗಿ ಇದರಲ್ಲಿಯೇ ಇದೆ. 1950ರ ದಶಕದಲ್ಲಿ ಕ್ಲೋರ್‌ಪ್ರೋಮಝೀನ್ ಎಂಬ ಔಷಧವು ಬಳಕೆಗೆ ಬಂದಾಗ, ಇಂಗ್ಲೆಂಡಿನ ಹುಚ್ಚಾಸ್ಪತ್ರೆಗಳಲ್ಲಿ ವರುಷಗಟ್ಟಲೆ ಬಿದ್ದುಕೊಂಡಿದ್ದ ಅನೇಕರು ಮನೆಗೆ ಹೋಗುವಷ್ಟು ಗುಣವಾದರು. ಆದರೆ ಹೋದವರಲ್ಲಿ ಕೆಲವರು ನೆಲೆಯಾದರು, ಕೆಲವರು ಬೇಗನೆ ಹಿಂತಿರುಗಿ ಬಂದರು. ಲಂಡನ್ ಪಟ್ಟಣದಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ, ಬಿಡುಗಡೆಯಾದ 229 ಮಂದಿ ಗಂಡಸರ ವೃತ್ತಾಂತವನ್ನು ವಿಚಾರಿಸಿ 1958ರಲ್ಲಿ ಪ್ರಕಟಿಸಿದರು. ಫಲವು ಅವರನ್ನೇ ಆಶ್ಚರ್ಯಪಡಿಸಿತು. ಬಾಡಿಗೆಯ ಕೋಣೆಗಾಗಲಿ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಮನೆಗಾಗಲಿ ಹೋದವರಿಗಿಂತ, ತಾಯಿತಂದೆಗಳ ಮನೆಗೂ ಹೆಂಡತಿಯ ಬಳಿಗೂ ಹೋದವರ ಗತಿಯು ಕಷ್ಟವಾಗಿತ್ತು. ಹೆಚ್ಚು ಪ್ರೀತಿಯಿರಬೇಕಾದ ಸ್ಥಳದಲ್ಲಿ ಹೆಚ್ಚು ಅಪಾಯವಿರುವದೇ?

ಬ್ರೌನರು ಇದನ್ನು ಗಾದೆಯಾಗಿ ಮಾಡಿ ಬಿಟ್ಟುಬಿಡಲಿಲ್ಲ. ಮನೆಯೊಳಗಿನ ಭಾವವನ್ನು ಅಳೆಯುವ ಒಂದು ಕ್ರಮವನ್ನು ಅವರೂ ಮೈಕೆಲ್ ರಟರ್ ಎಂಬ ವೈದ್ಯರೂ ಕೂಡಿ ಏರ್ಪಡಿಸಿದರು. ರೋಗಿಯು ಹತ್ತಿರವಿಲ್ಲದಾಗ ತಾಯಿಯನ್ನೋ ಹೆಂಡತಿಯನ್ನೋ ಕೂರಿಸಿ, ಕಳೆದ ಮೂರು ತಿಂಗಳಲ್ಲಿ ಮನೆ ಹೇಗೆ ನಡೆಯಿತು, ಯಾರು ಯಾವ ಕೆಲಸ ಮಾಡಿದರು, ಯಾವಾಗ ಜಗಳವಾಯಿತು ಎಂದು ಸಾವಕಾಶವಾಗಿ ವಿಚಾರಿಸುತ್ತಾರೆ. ಆ ಸಂಭಾಷಣೆಯನ್ನು ಯಂತ್ರದಲ್ಲಿ ಹಿಡಿದಿಡುತ್ತಾರೆ. ಆಮೇಲೆ ಅಭ್ಯಾಸವಾದವರು ಅದನ್ನು ಕೇಳಿ, ರೋಗಿಯನ್ನು ಹಳಿಯುವ ಮಾತುಗಳೆಷ್ಟು ಬಂದವೆಂದು ಎಣಿಸುತ್ತಾರೆ. ಇಲ್ಲಿ ಶಬ್ದಕ್ಕಿಂತ ಸ್ವರಕ್ಕೆ ಹೆಚ್ಚು ಬೆಲೆ. “ಬಿಸಿಲೇರಿದರೂ ಅವನು ಏಳುವದಿಲ್ಲ” ಎಂಬ ಒಂದೇ ಮಾತನ್ನು ಸಮಾಚಾರವಾಗಿಯೂ ಹೇಳಬಹುದು, ಚುಚ್ಚಾಗಿಯೂ ಹೇಳಬಹುದು. ಬರೆದಿಟ್ಟ ಕಾಗದದಲ್ಲಿ ಎರಡೂ ಒಂದೇ, ಕೇಳಿದ ಕಿವಿಗೆ ಬೇರೆ ಬೇರೆ. ನಮ್ಮ ಅತ್ತೆಸೊಸೆಯರಿಗೆ ಇದನ್ನು ಯಾವ ಪಂಡಿತರೂ ಕಲಿಸಬೇಕಾಗಿಲ್ಲ. ಹಳಿಯುವ ಮಾತಲ್ಲದೆ ದ್ವೇಷವನ್ನೂ, ಉಸಿರು ಬಿಡಲಿಕ್ಕೆ ಎಡೆಗೊಡದ ಅತಿಯಾದ ಆರೈಕೆಯನ್ನೂ, ಇವುಗಳ ಜೊತೆಗೆ ವಾತ್ಸಲ್ಯವನ್ನೂ ಮೆಚ್ಚಿಕೆಯ ಮಾತನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು.

1972ರಲ್ಲಿ ಅವರು 101 ರೋಗಿಗಳ ಫಲಿತಾಂಶವನ್ನು ತಿಳಿಸಿದರು. ಹಳಿಯುವಿಕೆ, ದ್ವೇಷ, ಅತಿ ಆರೈಕೆಗಳು ಹೆಚ್ಚಾಗಿದ್ದ ಮನೆಗಳಿಗೆ ಹೋದವರಲ್ಲಿ ಒಂಬತ್ತು ತಿಂಗಳೊಳಗೆ ನೂರಕ್ಕೆ 58 ಮಂದಿಗೆ ರೋಗವು ಮರುಕಳಿಸಿತು. ಇವು ಕಡಿಮೆಯಾಗಿದ್ದ ಮನೆಗಳಲ್ಲಿ ನೂರಕ್ಕೆ 16 ಮಂದಿಗೆ ಮಾತ್ರ. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಎಂಬವರು ಇದನ್ನೇ ತಿರಿಗಿ ಪರೀಕ್ಷಿಸಿ ಇನ್ನೆರಡು ಸಂಗತಿಗಳನ್ನು ಸೇರಿಸಿದರು. ಕಠಿಣವಾದ ಮನೆಯಲ್ಲಿದ್ದರೂ ಔಷಧವನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದವರಿಗೆ ಒಂದು ರಕ್ಷಣೆಯಿತ್ತು. ಮನೆಯವರ ಎದುರಿನಲ್ಲಿ ಕಳೆಯುವ ಕಾಲವು ವಾರಕ್ಕೆ 35 ತಾಸುಗಳಿಗೆ ಕಡಿಮೆಯಾಗಿದ್ದವರಿಗೆ ಇನ್ನೊಂದು ರಕ್ಷಣೆಯಿತ್ತು. ಎರಡೂ ಇಲ್ಲದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮರಳಿ ಕಾಯಿಲೆ ಬಿದ್ದರು.

ಯಾವ ವಿಷಯಕ್ಕಾಗಿ ಮನೆಯವರು ಹಳಿಯುತ್ತಿದ್ದರು? ಧ್ವನಿ ಕೇಳುತ್ತದೆಂದು ಅರಚಿದ್ದಕ್ಕಾಗಿ, ಬೀದಿಗೆ ಓಡಿದ್ದಕ್ಕಾಗಿ ಎಂದು ನಾವು ಊಹಿಸಬಹುದು. ಹಾಗಲ್ಲ. ಅಂಥ ಪ್ರಕಟವಾದ ಹುಚ್ಚನ್ನು ರೋಗವೆಂದು ಅವರು ಸಹಿಸಿಕೊಳ್ಳುತ್ತಿದ್ದರು. ಹಳಿಯುವ ಮಾತುಗಳಲ್ಲಿ ಹೆಚ್ಚಿನ ಪಾಲು ಸುಮ್ಮನೆ ಕೂತಿರುವದನ್ನು, ಸ್ನಾನ ಮಾಡದಿರುವದನ್ನು, ಮಾತಾಡಿಸಿದರೆ ಉತ್ತರ ಕೊಡದಿರುವದನ್ನು, ಯಾರನ್ನೂ ಹಚ್ಚಿಕೊಳ್ಳದಿರುವದನ್ನು ಕುರಿತದ್ದು. ವೈದ್ಯರ ದೃಷ್ಟಿಯಲ್ಲಿ ಇವು ಸಹಾ ಬಹಳ ಸಾರಿ ಅದೇ ರೋಗದ ಲಕ್ಷಣಗಳು. ಮನೆಯವರ ದೃಷ್ಟಿಯಲ್ಲಿ ಸೋಮಾರಿತನ. 1991ರಲ್ಲಿ ಕ್ರಿಸ್ ಬ್ರೂಯಿನ್ ಎಂಬವರೂ ಅವರ ಸಂಗಡಿಗರೂ ಇದರ ಬೇರನ್ನು ತೋರಿಸಿದರು. ರೋಗಿಯು ಮನಸ್ಸು ಮಾಡಿದರೆ ತನ್ನನ್ನು ತಾನು ಹಿಡಿದುಕೊಳ್ಳಬಲ್ಲನೆಂದು ನಂಬುವವರು ಹೆಚ್ಚಾಗಿ ಹಳಿಯುತ್ತಾರೆ. ಇದು ಅವನ ಕೈಮೀರಿದ್ದೆಂದು ನಂಬುವವರು ಕಡಿಮೆ ಹಳಿಯುತ್ತಾರೆ.

ನಮ್ಮ ಭಾಷೆಯು ಈ ಭೇದವನ್ನು ಎರಡು ಚಿಕ್ಕ ಮಾತುಗಳಲ್ಲಿ ಇಟ್ಟಿದೆ: ಆರೆನು, ಒಲ್ಲೆನು. ಅವನು ಎದ್ದು ದನ ಬಿಡಲಾರನೋ, ಬಿಡಲೊಲ್ಲನೋ? ನೀತಿಯ ಭಾರವೆಲ್ಲಾ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಒಲ್ಲದವನನ್ನು ಗದರಿಸುವದು ತಂದೆಯ ಕರ್ತವ್ಯ. ಆರದವನನ್ನು ಗದರಿಸುವದು ಕಾಲಿಲ್ಲದವನನ್ನು ಓಡು ಅಂದ ಹಾಗೆ. ಆದರೆ ಕಾಲು ಮುರಿದದ್ದು ಕಣ್ಣಿಗೆ ಕಾಣುತ್ತದೆ, ಮನಸ್ಸು ಮುರಿದದ್ದು ಕಾಣುವದಿಲ್ಲ. ಅಷ್ಟೇ ಅಲ್ಲ, ರೋಗಿಯು ನಿನ್ನೆ ಮಾಡಿದ್ದನ್ನು ಇವತ್ತು ಮಾಡದಿರುತ್ತಾನೆ. ನೆಂಟರ ಎದುರಿನಲ್ಲಿ ಚೆನ್ನಾಗಿ ಮಾತಾಡಿ, ಅವರು ಹೊಸ್ತಿಲು ದಾಟಿದ ಕೂಡಲೆ ಗೋಡೆಯ ಕಡೆಗೆ ತಿರುಗಿ ಮಲಗುತ್ತಾನೆ. ಹೀಗಿರಲಾಗಿ ತಾಯಿಯು ಇವನಿಗೆ ಶಕ್ತಿಯುಂಟು, ಮನಸ್ಸಿಲ್ಲ ಎಂದು ತೀರ್ಮಾನಿಸಿದರೆ ನಾವು ಆಕೆಯನ್ನು ಕಠಿಣಹೃದಯಳೆಂದು ಕರೆಯುವದಿಲ್ಲ. ಆಕೆಯ ಗದರಿಕೆಯೊಳಗೆ ಒಂದು ನಿರೀಕ್ಷೆ ಅಡಗಿದೆ. ಮಗನು ಮೊದಲಿನವನೇ, ಒಂದು ಏಟಿಗೆ ಎಚ್ಚರಗೊಳ್ಳುವನೆಂದು ನಂಬಿದ್ದರಿಂದಲೇ ಆಕೆ ಗದರಿಸುತ್ತಾಳೆ. ಲಾರನು ಎಂದು ಒಪ್ಪಿಕೊಳ್ಳುವದೆಂದರೆ ಆಕೆಗೆ ಆ ಹಳೆಯ ಮಗನನ್ನು ಕಳಕೊಳ್ಳುವದೇ ಸರಿ.

ಇದರ ಎದುರು ಬದಿಯಲ್ಲಿಯೂ ಒಂದು ಹಳ್ಳವುಂಟು. ಅವನೇನೂ ಮಾಡಲಾರನೆಂದು ತೀರ್ಮಾನಿಸಿದವರು ಬೆಳೆದ ಮಗನಿಗೆ ಕೈತುತ್ತು ಹಾಕುತ್ತಾರೆ, ಅವನ ಪರವಾಗಿ ತಾವೇ ಉತ್ತರ ಕೊಡುತ್ತಾರೆ, ಅವನು ಒಬ್ಬನೇ ಕೆರೆಯ ತನಕ ಹೋದರೆ ಹಿಂದಿನಿಂದ ಆಳನ್ನು ಕಳುಹಿಸುತ್ತಾರೆ. ಲಂಡನಿನ ಲೆಕ್ಕದಲ್ಲಿ ಇಂಥ ಆರೈಕೆಯೂ ಹಾನಿಯ ಕಡೆಗೇ ಬಿತ್ತು. ಯಾರನ್ನು ನಾವು ಯಾವದಕ್ಕೂ ಹೊಣೆಯಲ್ಲವೆಂದು ಬಿಟ್ಟೆವೋ ಅವನನ್ನು ಮನುಷ್ಯರ ಪಂಕ್ತಿಯಿಂದ ಎಬ್ಬಿಸಿದಂತಾಯಿತು. ಹಾಗಾದರೆ ಸಮಾಧಾನವುಳ್ಳ ಮನೆಯವರು ಏನು ಮಾಡುತ್ತಿದ್ದರು? ಅವರು ತಣ್ಣಗಿನ ಜನರಾಗಿರಲಿಲ್ಲ. ರೋಗವು ನಿಜವೆಂದು ಅವರು ಒಪ್ಪಿಕೊಂಡಿದ್ದರು; ರೋಗಿಯು ಒಂಟಿಯಾಗಿರಬೇಕೆಂದಾಗ ಒಂಟಿಯಾಗಿರಬಿಡುತ್ತಿದ್ದರು; ಕೆಲಸವನ್ನು ಕೇಳುವಾಗ ಇಷ್ಟೇ ಎಂದು ಗೊತ್ತುಮಾಡಿ ಕೇಳುತ್ತಿದ್ದರು. ನಮ್ಮ ಅಭಿಪ್ರಾಯದಲ್ಲಿ ಅವರು ಆರನೋ ಒಲ್ಲನೋ ಎಂಬ ವ್ಯಾಜ್ಯವನ್ನು ತೀರಿಸಿದವರಲ್ಲ. ತೀರ್ಪಿಲ್ಲದೆಯೇ ದಿನ ಕಳೆಯಲಿಕ್ಕೆ ಕಲಿತವರು.

ಇಲ್ಲಿ ಬುದ್ಧಿವಂತರಾದ ವಾಚಕರು ಒಂದು ಆಕ್ಷೇಪಣೆಯನ್ನು ತರಬಹುದು. ರೋಗವು ಹೆಚ್ಚಾಗಿರುವವನೇ ಹೆಚ್ಚು ಬೈಗಳನ್ನು ಹುಟ್ಟಿಸುತ್ತಾನೆ. ಅವನಿಗೆ ರೋಗವು ಮರುಕಳಿಸುವದೂ ಸಹಜ. ಬೈಗಳ ಮೇಲೆ ದೋಷ ಹೊರಿಸುವದೇಕೆ? ಇದು ನ್ಯಾಯವಾದ ಆಕ್ಷೇಪಣೆ, ಮತ್ತು ಇದರಲ್ಲಿ ಸ್ವಲ್ಪ ಸತ್ಯವೂ ಉಂಟು; ಮಾತು ಎರಡು ಕಡೆಯಿಂದಲೂ ಬೆಳೆಯುತ್ತದೆ. ಇದನ್ನು ಪರೀಕ್ಷಿಸಲಿಕ್ಕೆ ಒಂದೇ ಮಾರ್ಗ, ಮಾತನ್ನು ಬದಲಾಯಿಸಿ ನೋಡುವದು. 1982ರಲ್ಲಿ ಲೆಫ್ ಮತ್ತು ಅವರ ಸಂಗಡಿಗರು ಅದನ್ನೇ ಮಾಡಿದರು. ಕಠಿಣವಾದ 24 ಮನೆಗಳನ್ನು ಆರಿಸಿಕೊಂಡು ಎಲ್ಲಾ ರೋಗಿಗಳಿಗೂ ಔಷಧವನ್ನು ಕೊಟ್ಟರು. ಅರ್ಧ ಮನೆಗಳಿಗೆ ಮಾತ್ರ, ರೋಗವೆಂದರೇನೆಂದು ಮನೆಗೇ ಹೋಗಿ ತಿಳಿಸಿದರು. ರೋಗಿಯ ಸಮೇತ ಎಲ್ಲರನ್ನೂ ಕೂರಿಸಿ ಮಾತಾಡಿಸಿದರು. ಮನೆಯವರನ್ನು ಗುಂಪಾಗಿ ಕರೆದು ಸಮಾಧಾನದಿಂದ ನಡಿಸುವವರ ಬಾಯಿಂದ ಇತರರು ಕಲಿಯುವಂತೆ ಮಾಡಿದರು. ಒಂಬತ್ತು ತಿಂಗಳಲ್ಲಿ, ಏನೂ ತಿಳಿಸದೆ ಬಿಟ್ಟ ಮನೆಗಳ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ರೋಗವು ಮರುಕಳಿಸಿತು. ಇನ್ನೊಂದು ಗುಂಪಿನಲ್ಲಿ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಸಂಖ್ಯೆಯು ಚಿಕ್ಕದು. ಆದಾಗ್ಯೂ ಆಮೇಲೆ ಅನೇಕ ದೇಶಗಳಲ್ಲಿ ನಡೆದ ಪರೀಕ್ಷೆಗಳು ಇದೇ ಕಡೆಗೆ ವಾಲಿವೆ.

ಗಂಡಹೆಂಡರ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಖಿನ್ನತೆಯೆಂಬ ರೋಗದಿಂದ ಆಸ್ಪತ್ರೆಗೆ ಸೇರಿದ್ದ 39 ಮಂದಿ ವಿವಾಹಿತರನ್ನು ಜಿಲ್ ಹೂಲಿ, ಜಾನ್ ಟೀಸ್‌ಡೇಲ್ ಮೊದಲಾದವರು ಇಂಗ್ಲೆಂಡಿನಲ್ಲಿ ವಿಚಾರಿಸಿದರು. ಬಾಳಸಂಗಾತಿಯು ಬಹಳವಾಗಿ ಹಳಿಯುವ ಮನೆಗಳಲ್ಲಿ ನೂರಕ್ಕೆ 59 ಮಂದಿಗೆ ರೋಗವು ಮರುಕಳಿಸಿತು. ಹಳಿಯದ ಮನೆಗಳಲ್ಲಿ ಒಬ್ಬರಿಗೂ ಇಲ್ಲ. 1989ರಲ್ಲಿ ಅವರು ಇನ್ನೂ ಸರಳವಾದದ್ದನ್ನು ಕಂಡರು. ಯಂತ್ರವೂ ಬೇಡ, ಸ್ವರದ ಎಣಿಕೆಯೂ ಬೇಡ. ನಿಮ್ಮ ಗಂಡನೋ ಹೆಂಡತಿಯೋ ನಿಮ್ಮಲ್ಲಿ ಎಷ್ಟು ತಪ್ಪು ಹಿಡಿಯುತ್ತಾರೆ, ಒಂದರಿಂದ ಹತ್ತರ ವರೆಗೆ ಒಂದು ಅಂಕೆ ಹೇಳಿರಿ ಎಂದು ರೋಗಿಯನ್ನೇ ಕೇಳಿದರೆ, ಆ ಒಂದು ಅಂಕೆಯು ಮುಂದೆ ಆಗುವದನ್ನು ಬೇರೆಲ್ಲಾ ಅಳತೆಗಳಿಗಿಂತ ಚೆನ್ನಾಗಿ ತಿಳಿಸಿತು. ನಾನು ಒಳ್ಳೇದಕ್ಕೇ ಹೇಳಿದೆನು ಎಂದು ಗಂಡನು ಹೇಳಿಕೊಳ್ಳಬಹುದು. ಅದು ಸತ್ಯವೂ ಆಗಿರಬಹುದು. ಆದರೆ ಮಾತಿನ ತೂಕವು ತಕ್ಕಡಿ ಹಿಡಿದವನ ಕೈಯಲ್ಲಿಲ್ಲ, ಹೊರುವವಳ ತಲೆಯ ಮೇಲೆ ತಿಳಿಯುತ್ತದೆ.

ನಮ್ಮ ದೇಶದ ಸಂಗತಿಯೇನು? ಚಂಡೀಗಡದಲ್ಲಿ ನರೇಂದ್ರನಾಥ ವಿಗ್ ಎಂಬ ಪ್ರಸಿದ್ಧ ಮನೋವೈದ್ಯರೂ ಲೆಫ್ ಮೊದಲಾದವರೂ ಕೂಡಿ ಇದೇ ಕ್ರಮವನ್ನು ಹಿಂದಿ ಮಾತಾಡುವ ಮನೆಗಳಲ್ಲಿ ಪ್ರಯೋಗಿಸಿ 1987ರಲ್ಲಿ ಪ್ರಕಟಿಸಿದರು. ಲಂಡನಿನಲ್ಲಿ ಕಠಿಣವೆಂದು ಎಣಿಸಲ್ಪಟ್ಟ ಬಂಧುಗಳು ಸುಮಾರು ಅರ್ಧದಷ್ಟಿದ್ದರೆ ಚಂಡೀಗಡದಲ್ಲಿ ಕಾಲು ಭಾಗದಷ್ಟೂ ಇರಲಿಲ್ಲ; ಹಳ್ಳಿಯವರಲ್ಲಿ ಪಟ್ಟಣದವರಲ್ಲಿಗಿಂತಲೂ ಕಡಿಮೆ. ಅಲ್ಲಿಯ ರೋಗಿಗಳು ಲಂಡನಿನವರಿಗಿಂತ ಚೆನ್ನಾಗಿ ನೆಲೆಯಾದದ್ದಕ್ಕೆ ಇದೇ ಬಹುಮಟ್ಟಿಗೆ ಕಾರಣವೆಂದು ಅವರು ತೀರ್ಮಾನಿಸಿದರು. ಮತ್ತೊಂದು ವಿಶೇಷವುಂಟು. ಲಂಡನಿನಲ್ಲಿ ಬರೇ ಹಳಿಯುವ ಮಾತೂ ಹಾನಿಕರವಾಗಿತ್ತು; ಚಂಡೀಗಡದಲ್ಲಿ ಬೇರೆ ಬೇರೆಯಾಗಿ ನೋಡಿದಾಗ ರೋಗವು ಮರುಕಳಿಸುವದರೊಂದಿಗೆ ಸಂಬಂಧ ತೋರಿದ್ದು ದ್ವೇಷವೊಂದೇ, ಅಂದರೆ ಅವನ ನಡತೆಯನ್ನಲ್ಲ, ಅವನನ್ನೇ ತಳ್ಳಿಬಿಡುವ ಮನಸ್ಸು.

ಇದನ್ನು ಓದಿ ನಮ್ಮವರ ತಾಳ್ಮೆಯನ್ನು ಕೊಂಡಾಡುವವರಿರಬಹುದು. ಅಷ್ಟು ಬೇಗ ಬೇಡ. ಮದುವೆ ಮಾಡಿದರೆ ಹುಚ್ಚು ಬಿಡುತ್ತದೆಂದು ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವ ಪದ್ಧತಿಯು ಇನ್ನೂ ನಮ್ಮ ಹಳ್ಳಿಗಳಿಂದ ಹೋಗಿಲ್ಲ. ಚೆನ್ನೈಯ ಆರ್. ತಾರಾ ಮತ್ತು ಅವರ ಸಂಗಡಿಗರು, ಈ ರೋಗವಿದ್ದು ಸಂಸಾರ ಒಡೆದುಹೋದ ಸ್ತ್ರೀಯರ ಸ್ಥಿತಿಯನ್ನು ವಿಚಾರಿಸಿ 2003ರಲ್ಲಿ ಬರೆದಿದ್ದಾರೆ. ಗಂಡಂದಿರು ಅವರನ್ನು ತವರಿಗೆ ಬಿಟ್ಟುಬಿಟ್ಟಿದ್ದರು. ಅನೇಕರಿಗೆ ಜೀವನಾಂಶವೆಂದು ಏನೂ ಸಿಕ್ಕಿರಲಿಲ್ಲ. ನೋಡಿಕೊಳ್ಳುತ್ತಿದ್ದವರು ವೃದ್ಧರಾದ ತಾಯಿತಂದೆಗಳು. ಗಂಡನಿಗೆ ರೋಗವಾದರೆ ಹೆಂಡತಿ ನೋಡಿಕೊಳ್ಳತಕ್ಕದ್ದು, ಹೆಂಡತಿಗಾದರೆ ತವರು ನೋಡಿಕೊಳ್ಳತಕ್ಕದ್ದು ಎಂಬದು ತಾಳ್ಮೆಯ ಹೆಸರಿನಲ್ಲಿ ನಡೆಯುವ ಲೆಕ್ಕಾಚಾರ. ಮಾತಿನ ಸ್ವರವನ್ನು ಎಣಿಸುವ ಯಂತ್ರವು ಈ ದ್ವೇಷವನ್ನು ಹಿಡಿಯಲಾರದು, ಯಾಕಂದರೆ ಇಲ್ಲಿ ಬೈಯಲಿಕ್ಕೆ ಗಂಡನು ಮನೆಯಲ್ಲಿಯೇ ಇಲ್ಲ.

ಆದರೂ ಮನೆಯವರನ್ನು ರೋಗಿಯ ಶತ್ರುಗಳೆಂದಲ್ಲ, ಸಹಾಯಕರೆಂದು ಮೊದಲು ಕಂಡುಕೊಂಡವರಲ್ಲಿ ನಮ್ಮ ದೇಶದ ವೈದ್ಯರೂ ಇದ್ದರು. 1950ರ ದಶಕದಲ್ಲಿ, ಪಶ್ಚಿಮದಲ್ಲಿ ತಾಯಂದಿರ ಮೇಲೆ ದೋಷ ಹೊರಿಸುತ್ತಿದ್ದ ಕಾಲದಲ್ಲಿಯೇ, ಅಮೃತಸರದ ಮಾನಸಿಕ ಆಸ್ಪತ್ರೆಯ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಕರೆತರಿಸಿ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳಲ್ಲಿ ಇಳಿಸಿ, ಆರೈಕೆಯ ಕ್ರಮವನ್ನು ಅವರಿಗೇ ಕಲಿಸಿ ಕಳುಹಿಸಿದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನವರೂ ಅದೇ ದಶಕದ ಕೊನೆಯಲ್ಲಿ, ರೋಗಿಯ ಸಂಗಡ ಮನೆಯವರು ಇದ್ದು ಅಡಿಗೆ ಮಾಡಿಕೊಂಡು ಉಳಿಯುವ ಪದ್ಧತಿಯನ್ನು ಹಿಡಿದರು. ಸರಪಣಿಯಲ್ಲಿ ಬಂದವನು ಗುಣವಾಗುವದನ್ನು ಕಣ್ಣಾರೆ ಕಂಡ ತಾಯಿಗೆ, ಇದು ರೋಗವೇ ಎಂದು ವಾದ ಮಾಡಿ ಒಪ್ಪಿಸುವ ಅಗತ್ಯವಿಲ್ಲ.

ಬೆಂಗಳೂರಿನಲ್ಲಿ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಎಂಬವರು ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು. 1981ರಲ್ಲಿ ಅವರು ಪ್ರಕಟಿಸಿದ ಅಳತೆಗೋಲು ಮನೆಯವರ ದೋಷವನ್ನಲ್ಲ, ಮನೆಯವರ ಭಾರವನ್ನು ಅಳೆಯುತ್ತದೆ. ಹಣವೆಷ್ಟು ಖರ್ಚಾಯಿತು, ಯಾರ ಕೆಲಸ ನಿಂತಿತು, ಮನೆಯವರಿಗೆ ವಿಶ್ರಾಂತಿಯೂ ಉಲ್ಲಾಸವೂ ಉಳಿದಿವೆಯೇ, ಒಬ್ಬರೊಂದಿಗೊಬ್ಬರು ಮಾತು ಬಿಟ್ಟಿದ್ದಾರೆಯೇ, ಮತ್ತೊಬ್ಬರ ದೇಹ ಅಥವಾ ಮನಸ್ಸು ಕೆಟ್ಟಿದೆಯೇ ಎಂದು ಅದು ವಿಚಾರಿಸುತ್ತದೆ. ಬಳಿಕ ಅವರು ಕೆಲವು ರೋಗಿಗಳನ್ನು ಆಸ್ಪತ್ರೆಯಲ್ಲಿಡದೆ, ತರಬೇತಾದ ದಾದಿಯು ಮನೆಗೇ ಹೋಗಿ ಔಷಧವನ್ನು ನೋಡಿಕೊಂಡು ಮನೆಯವರೊಂದಿಗೆ ಮಾತಾಡಿ ಬರುವ ಏರ್ಪಾಡು ಮಾಡಿ, ಆಸ್ಪತ್ರೆಯಲ್ಲಿದ್ದವರ ಸಂಗಡ ಹೋಲಿಸಿದರು. ದಾದಿಯು ಹೋದ ಮನೆಗಳಲ್ಲಿ ರೋಗಿಯೂ ಚೇತರಿಸಿಕೊಂಡನು, ಮನೆಯವರ ಭಾರವೂ ಹೆಚ್ಚಾಗಿ ಇಳಿಯಿತು. ಅಂಥ ದಾದಿಯರು ಊರೂರಿಗೆ ಸಿಗುವ ಕಾಲ ಇನ್ನೂ ಬಂದಿಲ್ಲ.

ಆದರೆ ವಾರಕ್ಕೆ 35 ತಾಸು ಎಂದು ಲಂಡನಿನವರು ಹೇಳಿದ ಲೆಕ್ಕವು ದಿನಕ್ಕೆ ಐದು ತಾಸಿನ ಮಾತು. ಅದರಲ್ಲಿ ಸ್ವಲ್ಪವನ್ನು ತಗ್ಗಿಸಲಿಕ್ಕೆ ದಾದಿಯೇ ಬೇಕಾಗಿಲ್ಲ. ನೆರೆಮನೆಯವರು ಮಧ್ಯಾಹ್ನದ ಎರಡು ತಾಸು ಆ ಹುಡುಗನನ್ನು ತಮ್ಮ ಜಗಲಿಗೆ ಕರೆದು, ಬೀಡಿಯ ಎಲೆ ಕತ್ತರಿಸಲಿಕ್ಕೋ ಕಡಲೆಕಾಯಿ ಸುಲಿಯಲಿಕ್ಕೋ ಕೊಟ್ಟು, ಮಾತಾಡಬೇಕೆಂದು ಒತ್ತಾಯ ಮಾಡದೆ ಕೂರಿಸಿಕೊಂಡರೆ ವಾರಕ್ಕೆ 14 ತಾಸಾಗುತ್ತದೆ. ಅಷ್ಟರಲ್ಲಿ ತಾಯಿಯು ಸಂತೆಗೆ ಹೋಗಿ ಬರಬಹುದು, ಅಥವಾ ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಮಲಗಬಹುದು.